ಮನೆಯಲ್ಲಿ ಗ್ಯಾಸ್ ಗೀಸರ್ ಸುರಕ್ಷಿತವಾಗಿ ಅಳವಡಿಸುವುದು: ಜಾಗದ ಆಯ್ಕೆಯಿಂದ ಮೊದಲ ಜ್ವಾಲೆಯವರೆಗೆ ಸಮಗ್ರ ಮಾರ್ಗದರ್ಶಿ

ಗ್ಯಾಸ್ ಗೀಸರನ್ನು ಗೋಡೆಗೆ ಕೂರಿಸಿ, ನೀರಿನ ಪೈಪು ಜೋಡಿಸಿ, ಗ್ಯಾಸ್ ಸಂಪರ್ಕ ಕೊಡುವುದಕ್ಕೆ ಪಳಗಿದ ಮೆಕ್ಯಾನಿಕ್‌ಗೆ ಒಂದೆರಡು ಗಂಟೆ ಸಾಕು. ಯಾವ ಗೋಡೆಗೆ ಕೂರಿಸಬೇಕು ಎಂಬುದನ್ನು ತೀರ್ಮಾನಿಸಲು ಮನೆಯವರು ಅದಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕು. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಗಿಲು ಒಡೆದು, ಪ್ರಜ್ಞೆ ತಪ್ಪಿದವರನ್ನು ಹೊರತೆಗೆದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅಂಥ ಹೆಚ್ಚಿನ ಪ್ರಕರಣಗಳಲ್ಲಿ ಸಿಲಿಂಡರ್ ಸಿಡಿದಿರುವುದಿಲ್ಲ, ಬೆಂಕಿಯೂ ಹತ್ತಿರುವುದಿಲ್ಲ. ಗೀಸರ್ ಉರಿಯುತ್ತಲೇ ಇರುತ್ತದೆ, ನೀರೂ ಬಿಸಿಯಾಗುತ್ತಿರುತ್ತದೆ. ಉಪಕರಣ ಇರಬಾರದ ಜಾಗದಲ್ಲಿ ಇತ್ತೆಂಬುದೇ ಅಲ್ಲಿ ನಡೆದಿರುವ ತಪ್ಪು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಜಾಗಕ್ಕೆ ಮತ್ತು ಗಾಳಿಗೆ ಹೆಚ್ಚು ಸ್ಥಳ ಕೊಡಲಾಗಿದೆ. ಗ್ಯಾಸ್ ಜೋಡಣೆಯನ್ನು ಮನೆಯವರು ತಾವೇ ಮಾಡಬಾರದು. ಗೀಸರ್ ತಯಾರಿಸಿದ ಕಂಪನಿಯ ಅಧಿಕೃತ ಮೆಕ್ಯಾನಿಕ್ ಅಥವಾ ತರಬೇತಿ ಪಡೆದ ಗ್ಯಾಸ್ ಫಿಟ್ಟರ್ ಅದನ್ನು ಮಾಡಬೇಕು. ಆದರೆ ಜಾಗ ಆರಿಸುವುದು, ಸರಿಯಾದ ಉಪಕರಣ ಕೊಳ್ಳುವುದು, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡುವುದು, ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವುದು ಪೂರ್ತಿಯಾಗಿ ಮನೆಯವರ ಹೊಣೆ.

ಬಚ್ಚಲುಮನೆಯೊಳಗೆ ಏಕೆ ಕೂಡದು

ನಮ್ಮಲ್ಲಿ ಮಾರಾಟವಾಗುವ ಸಣ್ಣ ಗ್ಯಾಸ್ ಗೀಸರುಗಳು ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 6 ಲೀಟರ್ ನೀರು ಕಾಯಿಸುವಂಥವು. ನಿಮಿಷಕ್ಕೆ 6 ಲೀಟರ್ ನೀರಿನ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬೇಕಾದರೆ ಗಂಟೆಗೆ ಸುಮಾರು 1 ಕೆ.ಜಿ. ಎಲ್‌ಪಿಜಿ ಉರಿಯಬೇಕಾಗುತ್ತದೆ. 1 ಕೆ.ಜಿ. ಎಲ್‌ಪಿಜಿ ಪೂರ್ತಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಅಂದರೆ 10 ನಿಮಿಷದ ಒಂದು ಸ್ನಾನಕ್ಕೆ 2 ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕವೆಲ್ಲ ಖರ್ಚಾಗುತ್ತದೆ.

ಈಗ ಬಚ್ಚಲುಮನೆಯ ಅಳತೆ ನೋಡಿ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿರುವುದು ಸುಮಾರು 5.4 ಘನ ಮೀಟರ್ ಗಾಳಿ. ಹೊರಗಿನ ಗಾಳಿ ಒಳಬರದಂತೆ ಬಾಗಿಲು, ಕಿಟಕಿ ಮುಚ್ಚಿದ್ದರೆ ನಾಲ್ಕು ನಿಮಿಷದೊಳಗೆ ಅಲ್ಲಿನ ಆಮ್ಲಜನಕ ಶೇ. 21ರಿಂದ ಶೇ. 18ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಜ್ವಾಲೆ ಅರೆಬರೆ ಉರಿಯಲು ತೊಡಗಿ, ಕಾರ್ಬನ್ ಡೈಆಕ್ಸೈಡ್‌ನ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಹೆಚ್ಚು ಹೆಚ್ಚಾಗಿ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನೂ ಉರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೆ ಆಮ್ಲಜನಕ ತಲುಪದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋತಂತಾಗುವುದು ಮೊದಲ ಲಕ್ಷಣಗಳು. ಅವು ಕಾಣಿಸಿಕೊಳ್ಳುವ ಹೊತ್ತಿಗೆ ಎದ್ದು ಬಾಗಿಲಿನ ಚಿಲಕ ತೆಗೆಯುವ ಶಕ್ತಿಯೇ ಹೋಗಿರಬಹುದು. ಒಬ್ಬರ ಬೆನ್ನಿಗೆ ಇನ್ನೊಬ್ಬರು ಸ್ನಾನಕ್ಕೆ ಹೋಗುವ ಮನೆಗಳಲ್ಲಿ ಎರಡನೆಯವರಿಗೂ ಮೂರನೆಯವರಿಗೂ ಅಪಾಯ ಹೆಚ್ಚು, ಏಕೆಂದರೆ ಮೊದಲಿನವರು ಬಿಟ್ಟುಹೋದ ಕೆಟ್ಟ ಗಾಳಿಯಲ್ಲೇ ಅವರ ಸ್ನಾನ ಆರಂಭವಾಗುತ್ತದೆ.

ಹಳೆಯ ಮನೆಗಳ ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿರಲಿಲ್ಲವೇ ಎಂದು ಹಿರಿಯರು ಕೇಳುವುದುಂಟು. ಉರಿಯುತ್ತಿತ್ತು, ಆದರೆ ಆ ಒಲೆಗೆ ಸೌದೆ ಒಡ್ಡುತ್ತಿದ್ದುದು ಎಷ್ಟೋ ಮನೆಗಳಲ್ಲಿ ಹೊರಗಿನಿಂದ, ಹೊಗೆ ಹೋಗಲು ಗೂಡಿತ್ತು, ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು, ಹೊಗೆ ತುಂಬಿದರೆ ಕಣ್ಣು ಉರಿದು ಜನ ತಾವಾಗಿಯೇ ಹೊರಗೆ ಬರುತ್ತಿದ್ದರು. ಟೈಲ್ಸ್ ಹಾಕಿದ, ಪ್ಲಾಸ್ಟಿಕ್ ಬಾಗಿಲಿನ, ಗಾಜಿನ ವೆಂಟಿಲೇಟರಿನ ಇಂದಿನ ಬಚ್ಚಲಿಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. 'ವೆಂಟಿಲೇಟರ್ ಇದೆಯಲ್ಲ, ಸಾಕು' ಎಂಬ ಮಾತನ್ನೂ ಒಪ್ಪಬೇಡಿ. ಚಳಿಗಾಲದಲ್ಲಿ ಮೊದಲು ಮುಚ್ಚುವುದೇ ಆ ವೆಂಟಿಲೇಟರನ್ನು.

ಇನ್ನು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಫ್ಯಾನ್ ಕೆಟ್ಟರೆ, ಕರೆಂಟು ಹೋದರೆ, ಯಾರಾದರೂ ಸ್ವಿಚ್ ಹಾಕಲು ಮರೆತರೆ ಗೀಸರ್ ಮಾತ್ರ ಉರಿಯುತ್ತಲೇ ಇರುತ್ತದೆ. ಬ್ಯಾಟರಿಯ ಕಿಡಿಯಿಂದ ಹೊತ್ತಿಕೊಳ್ಳುವ ಉಪಕರಣಕ್ಕೆ ಕರೆಂಟಿನ ಹಂಗಿಲ್ಲ.

ಜಾಗ ಆರಿಸುವುದು

ಗೀಸರಿನ ಜಾಗ ಬಚ್ಚಲಿನ ಹೊರಗೆ, ಮನೆಯ ಹೊರಗೋಡೆಯ ಮೇಲೆ, ಬಯಲಿಗೆ ತೆರೆದ ಕಡೆ ಇರಬೇಕು. ಸ್ವಂತ ಮನೆಯಾದರೆ ಹಿತ್ತಲ ಗೋಡೆ ಅಥವಾ ಪಕ್ಕದ ಓಣಿಯ ಗೋಡೆ. ಫ್ಲ್ಯಾಟ್ ಆದರೆ ತೆರೆದ ಬಾಲ್ಕನಿ ಅಥವಾ ಯುಟಿಲಿಟಿ, ಅಂದರೆ ಅಡುಗೆಮನೆಗೆ ಅಂಟಿಕೊಂಡು ಪಾತ್ರೆ, ಬಟ್ಟೆ ತೊಳೆಯಲು ಬಿಟ್ಟ ಜಾಗ. ಅಲ್ಲಿಂದ ಬಿಸಿನೀರಿನ ಪೈಪು ಮಾತ್ರ ಗೋಡೆ ತೂರಿ ಒಳಗೆ ಬರಲಿ.

ಯುಟಿಲಿಟಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರ್ ತೆರೆದು ಕೊಟ್ಟ ಯುಟಿಲಿಟಿಯನ್ನು ಧೂಳು, ಮಳೆ, ಪಾರಿವಾಳ ಎಂದು ಮನೆಯವರು ಅಲ್ಯೂಮಿನಿಯಂ ಜಾರುಕಿಟಕಿ ಹಾಕಿ ಮುಚ್ಚಿಬಿಡುತ್ತಾರೆ. ಮುಚ್ಚಿದ ಆ ಕ್ಷಣಕ್ಕೆ ಅದು ಬಾಲ್ಕನಿಯಾಗಿ ಉಳಿಯದೆ ಇನ್ನೊಂದು ಸಣ್ಣ ಕೋಣೆಯಾಗುತ್ತದೆ. ಅಲ್ಲಿ ಗೀಸರ್ ಇದ್ದರೆ ಬಚ್ಚಲಿನ ಲೆಕ್ಕವೇ ಅಲ್ಲಿಗೂ ಸಲ್ಲುತ್ತದೆ. ಪಾರಿವಾಳಕ್ಕೆ ಬಲೆ ಕಟ್ಟಿಸಿ, ಗಾಜು ಬೇಡ. ಈಗಾಗಲೇ ಗಾಜು ಹಾಕಿಸಿದ್ದರೆ ಒಂದೋ ಅದನ್ನು ತೆಗೆಸಬೇಕು, ಇಲ್ಲವೇ ಗ್ಯಾಸ್ ಗೀಸರಿನ ಯೋಚನೆಯನ್ನೇ ಬಿಡಬೇಕು.

ಅಪಾರ್ಟ್‌ಮೆಂಟಿನ ಡಕ್ಟ್, ಅಂದರೆ ಪೈಪುಗಳು ಇಳಿಯಲು ಗೋಡೆಗಳ ನಡುವೆ ಬಿಟ್ಟ ಕಿರಿದಾದ ಸಂದು, ಇದಕ್ಕಿಂತ ಮೋಸದ ಜಾಗ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಮನೆಗಳ ಬಚ್ಚಲಿನ ವೆಂಟಿಲೇಟರುಗಳು ಆ ಒಂದೇ ಡಕ್ಟಿಗೆ ತೆರೆದಿರುತ್ತವೆ. ಅಲ್ಲಿ ಗೀಸರ್ ಕೂರಿಸಿದರೆ ನಿಮ್ಮ ಮನೆಯ ಹೊಗೆ ಮೇಲಿನ ಮನೆಯ ಮಗುವಿನ ಸ್ನಾನದ ಕೋಣೆಗೆ ಹೋಗಬಹುದು. ಡಕ್ಟ್ ಕಡೆ ಯಾವ ಕಾರಣಕ್ಕೂ ಬೇಡ.

ತೆರೆದ ಜಾಗದಲ್ಲಿಯೂ ಗೀಸರ್ ಯಾವುದೇ ಕಿಟಕಿ ಅಥವಾ ವೆಂಟಿಲೇಟರಿನ ಕೆಳಗೆ ಇರಕೂಡದು. ಬಿಸಿ ಹೊಗೆ ಮೇಲಕ್ಕೇರಿ ನೇರವಾಗಿ ಅದರೊಳಗೆ ನುಗ್ಗುತ್ತದೆ. ಪಕ್ಕಕ್ಕೂ ಕನಿಷ್ಠ 1 ಮೀಟರ್ ಅಂತರವಿರಲಿ, ಸಾಧ್ಯವಾದರೆ ಇನ್ನೂ ಹೆಚ್ಚು. ನೆತ್ತಿಯ ಮೇಲೆ ಪಿವಿಸಿ ಪೈಪು, ವಿದ್ಯುತ್ ತಂತಿ, ಬಟ್ಟೆ ಒಣಗಿಸುವ ಹಗ್ಗ, ಮರದ ಕಪಾಟು ಯಾವುದೂ ಇರಬಾರದು. ಮಳೆಯ ಎರಚಲು ನೇರವಾಗಿ ಬೀಳದಂತೆ ಮೇಲೊಂದು ಸಜ್ಜಾ ಇದ್ದರೆ ಒಳ್ಳೆಯದು. ಆದರೆ ಗೀಸರಿಗೂ ಸಜ್ಜಾಕ್ಕೂ ನಡುವೆ ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಖಾಲಿ ಜಾಗ ಇರಲೇಬೇಕು. ಸುತ್ತ ಪೆಟ್ಟಿಗೆಯಂತೆ ಮುಚ್ಚಿಸುವುದು ಬೇಡ. ಗಾಳಿ ನೇರವಾಗಿ ಹೊಡೆಯುವ ಮೂಲೆಯನ್ನೂ ತಪ್ಪಿಸಿ, ಏಕೆಂದರೆ ಬಿರುಗಾಳಿ ಜ್ವಾಲೆಯನ್ನು ಅಲುಗಾಡಿಸಿ ಅರೆಬರೆ ಉರಿಯುವಂತೆ ಮಾಡುತ್ತದೆ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಹೊರಕವಚ ಬೇಗ ತುಕ್ಕು ಹಿಡಿಯುವುದರಿಂದ ತಪಾಸಣೆಯನ್ನು ವರ್ಷಕ್ಕೆ ಎರಡು ಬಾರಿ ಮಾಡಿಸುವುದು ಮೇಲು.

ಇಂಥ ಜಾಗ ಮನೆಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಎರಡು ದಾರಿಗಳಿವೆ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಹೊಗೆಯನ್ನೂ ಕೊಳವೆಯ ಮೂಲಕ ಹೊರಗೇ ಬಿಡುವ ಮುಚ್ಚಿದ ದಹನಕೋಣೆಯ ಮಾದರಿಯನ್ನು ಹೊರಗೋಡೆಗೆ ಕೂರಿಸಬಹುದು. ಅದರ ಬೆಲೆ ಹೆಚ್ಚು. ಅದು ಆಗದಿದ್ದರೆ ವಿದ್ಯುತ್ ಅಥವಾ ಸೌರ ಹೀಟರ್ ಹಾಕಿಸುವುದೇ ಸರಿ. ಬಾಡಿಗೆ ಮನೆಯಲ್ಲಿ ಮಾಲೀಕರು 'ಬಚ್ಚಲಿನಲ್ಲೇ ಪಾಯಿಂಟ್ ಇದೆ, ಅಲ್ಲೇ ಹಾಕಿಕೊಳ್ಳಿ' ಎಂದರೆ ಒಪ್ಪಿಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂದಿನ ಬಾಡಿಗೆದಾರರಿಗೆ ಏನೂ ಆಗಲಿಲ್ಲ ಎಂಬುದು ಯಾವುದಕ್ಕೂ ಪುರಾವೆಯಲ್ಲ. ಅವರು ಬಾಗಿಲು ಓರೆ ಮಾಡಿಕೊಂಡು ಸ್ನಾನ ಮಾಡುತ್ತಿದ್ದಿರಬಹುದು.

ಉಪಕರಣ ಕೊಳ್ಳುವಾಗ

ಎಲ್‌ಪಿಜಿಯಿಂದ ನಡೆಯುವ ಮನೆಬಳಕೆಯ ಸಣ್ಣ ವಾಟರ್ ಹೀಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15558 ಎಂಬ ಮಾನಕವಿದೆ. ಐಎಸ್‌ಐ ಗುರುತಿನ ಕೆಳಗೆ ಪರವಾನಗಿ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡಿ. ಯಾವ ಅನಿಲಕ್ಕೆ ತಯಾರಾದದ್ದು ಎಂಬುದು ಹೊರಕವಚದ ಫಲಕದಲ್ಲಿ ಬರೆದಿರುತ್ತದೆ. ಸಿಲಿಂಡರಿನ ಎಲ್‌ಪಿಜಿ ರೆಗ್ಯುಲೇಟರಿನಿಂದ ಹೊರಬರುವುದು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಕೊಳವೆಯ ಮೂಲಕ ಕೊಡುವಂಥ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ, ಉಪಕರಣಕ್ಕೆ ತಲುಪುವುದು ಸುಮಾರು 21 ಮಿಲಿಬಾರ್‌ನಲ್ಲಿ. ಎರಡರ ಶಾಖದ ಪ್ರಮಾಣವೂ ಬೇರೆ, ಬರ್ನರಿಗೆ ಅನಿಲ ಚಿಮ್ಮಿಸುವ ಜೆಟ್ಟಿನ ರಂಧ್ರದ ಅಳತೆಯೂ ಬೇರೆ. ಪಿಎನ್‌ಜಿಗೆಂದು ಮಾಡಿದ ಗೀಸರಿಗೆ ಸಿಲಿಂಡರ್ ಜೋಡಿಸಿದರೆ ಮಿತಿ ಮೀರಿ ಅನಿಲ ನುಗ್ಗಿ ಜ್ವಾಲೆ ಹಳದಿಯಾಗಿ, ಮಸಿ ಕಟ್ಟಿ, ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕಾದರೆ ತಯಾರಕರೇ ಜೆಟ್ ಬದಲಿಸಿ ಕೊಡಬೇಕು.

ಜ್ವಾಲೆ ಆರಿದರೆ ಅನಿಲ ನಿಲ್ಲಿಸುವ ವ್ಯವಸ್ಥೆ, ನೀರು ನಿಂತರೆ ಬರ್ನರ್ ಆರಿಸುವ ವ್ಯವಸ್ಥೆ, ಅತಿಯಾಗಿ ಕಾದರೆ ತಾನಾಗಿ ನಿಲ್ಲುವ ವ್ಯವಸ್ಥೆ, ಈ ಮೂರೂ ಇರಲೇಬೇಕು. ಕೆಲವು ಮಾದರಿಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ; ಅದು ಒಳ್ಳೆಯದೇ. ಆದರೆ ಮೇಲಿನ ಲೆಕ್ಕದ ಪ್ರಕಾರ ಬಚ್ಚಲು ಅಪಾಯದ ಮಟ್ಟಕ್ಕೆ ಬರಲು ನಾಲ್ಕು ನಿಮಿಷ ಸಾಕಾಗಿರುವುದರಿಂದ ಟೈಮರ್ ಇದೆಯೆಂದು ಬಚ್ಚಲೊಳಗೆ ಕೂರಿಸುವಂತಿಲ್ಲ.

ನೀರಿನ ಒತ್ತಡ ಮತ್ತು ಪೈಪು

ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದು ನೀರಿನ ಒತ್ತಡದಿಂದ. ನೀರು ಹರಿದಾಗ ಒಳಗಿನ ರಬ್ಬರ್ ಪೊರೆ ಉಬ್ಬಿ ಅನಿಲದ ಕವಾಟವನ್ನು ತಳ್ಳುತ್ತದೆ, ಅದೇ ಹೊತ್ತಿಗೆ ಬ್ಯಾಟರಿಯ ಕಿಡಿ ಹಾರುತ್ತದೆ. ಇದಕ್ಕೆ ಅನೇಕ ಮಾದರಿಗಳಿಗೆ 0.2ರಿಂದ 0.3 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡವೆಂದು ಲೆಕ್ಕ ಹಾಕಿದರೆ, ಓವರ್‌ಹೆಡ್ ಟ್ಯಾಂಕಿನ ತಳ ಗೀಸರಿಗಿಂತ 2ರಿಂದ 3 ಮೀಟರ್ ಮೇಲೆ ಇರಬೇಕು. ತಾರಸಿಯ ನೆಲದ ಮೇಲೆಯೇ ಟ್ಯಾಂಕ್ ಇಟ್ಟಿರುವ ಮನೆಯ ಮೇಲಿನ ಮಹಡಿಯಲ್ಲಿ ಈ ಎತ್ತರ ಸಿಗುವುದಿಲ್ಲ. ಟ್ಯಾಂಕನ್ನು ಕಟ್ಟೆಯ ಮೇಲೆ ಏರಿಸಬೇಕು ಅಥವಾ ಸಣ್ಣ ಪ್ರೆಷರ್ ಪಂಪ್ ಹಾಕಬೇಕು. ಒತ್ತಡ ಕಡಿಮೆಯಿದ್ದು ಗೀಸರ್ ಹೊತ್ತದಿದ್ದಾಗ ಕೆಲವು ಮೆಕ್ಯಾನಿಕ್‌ಗಳು ನೀರಿನ ಕವಾಟದ ಸ್ಪ್ರಿಂಗ್ ಸಡಿಲಿಸುವುದೋ ತೆಗೆಯುವುದೋ ಉಂಟು. ನೀರಿಲ್ಲದೆ ಉರಿಯದಂತೆ ಕಾಪಾಡುವ ಭಾಗವೇ ಅದು. ಅದನ್ನು ಮುಟ್ಟಲು ಬಿಡಬೇಡಿ.

ತಣ್ಣೀರಿನ ಪೈಪಿಗೆ ಗೀಸರಿನ ಪಕ್ಕದಲ್ಲೇ ಒಂದು ಸ್ಟಾಪ್ ವಾಲ್ವ್ ಮತ್ತು ಜಾಲರಿಯ ಫಿಲ್ಟರ್ ಇರಲಿ. ಬಿಸಿನೀರಿನ ಕಡೆಗೆ ಮಾಮೂಲಿ ಪಿವಿಸಿ ಬೇಡ. ಮೊದಲ ಅರ್ಧ ಮೀಟರಾದರೂ ಲೋಹದ ಪೈಪಾಗಿದ್ದು ಮುಂದೆ ಬಿಸಿನೀರು ತಡೆಯುವ ಸಿಪಿವಿಸಿ ಪೈಪು ಹಾಕಬಹುದು. ಯಾವ ಬಾಯಿ ತಣ್ಣೀರಿನದು, ಯಾವುದು ಬಿಸಿನೀರಿನದು, ಯಾವುದು ಗ್ಯಾಸಿನದು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಗುರುತನ್ನು ಓದಿಯೇ ಜೋಡಿಸಬೇಕು.

ಸಿಲಿಂಡರ್, ರೆಗ್ಯುಲೇಟರ್, ಗ್ಯಾಸ್ ಕೊಳವೆ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿ ಶೇ. 2ರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಸಿಲಿಂಡರ್ ಇಡುವ ಜಾಗ ನೆಲಮಟ್ಟದಲ್ಲಿ ಗಾಳಿಯಾಡುವಂತಿರಬೇಕು; ಗುಂಡಿ, ನೆಲಮಾಳಿಗೆ, ಚರಂಡಿಯ ಬಾಯಿ, ಮುಚ್ಚಿದ ಕಪಾಟು ಯಾವುದೂ ಆಗದು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಗೀಸರಿನ ನೇರ ಕೆಳಗೆ ಇಡದೆ ಪಕ್ಕಕ್ಕೆ ಸರಿಸಿ ಇಡಿ. ಹತ್ತಿರದಲ್ಲಿ ಸ್ವಿಚ್ ಬೋರ್ಡು, ವಾಷಿಂಗ್ ಮಷೀನಿನ ಪ್ಲಗ್ಗು ಇರದಿರಲಿ.

ರೆಗ್ಯುಲೇಟರ್ ಗ್ಯಾಸ್ ಏಜೆನ್ಸಿ ಕೊಟ್ಟದ್ದೇ ಆಗಬೇಕು. ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಯಿರುವ, ಅಂಗಡಿಗಳಲ್ಲಿ ಸಿಗುವ ಹೈ ಪ್ರೆಷರ್ ರೆಗ್ಯುಲೇಟರುಗಳು ಹೋಟೆಲಿನ ದೊಡ್ಡ ಒಲೆಗಳಿಗೆ ಆಗುವಂಥವು. ಗೀಸರಿಗೆ ಅವುಗಳನ್ನು ಹಾಕಿದರೆ ಒಳಗಿನ ಕವಾಟ ತಡೆಯಲಾರದು. ಅಡುಗೆಯ ಒಲೆಗೆ ಹೋಗುವ ರಬ್ಬರ್ ಟ್ಯೂಬನ್ನು ಕತ್ತರಿಸಿ, ನಡುವೆ 'ಟಿ' ತುಂಡು ಸಿಕ್ಕಿಸಿ, ಒಂದು ಕವಲನ್ನು ಗೀಸರಿಗೆ ಎಳೆಯುವುದೂ ಬಹಳ ಕಡೆ ನಡೆಯುತ್ತದೆ. ಹಿತ್ತಾಳೆಯ ಕ್ಲಿಪ್ಪಿನ ಭರವಸೆಯ ಮೇಲೆ ನಿಂತ ಮೂರು ಸಂದಿಗಳು ಅಲ್ಲಿ ಹೊಸದಾಗಿ ಹುಟ್ಟುತ್ತವೆ. ಗೀಸರಿಗೆ ಪ್ರತ್ಯೇಕ ಸಿಲಿಂಡರ್ ಇರಲಿ. ಇಲ್ಲವೇ ತಾಮ್ರದ ಕೊಳವೆಯಿಂದ ಸರಿಯಾದ ಎರಡು ಕವಲು ಮಾಡಿಸಿ ಪ್ರತಿ ಕವಲಿಗೂ ಬೇರೆ ವಾಲ್ವ್ ಹಾಕಿಸಿ.

ಕೊಳವೆಗೆ ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಬಳಸಿ. ಅದರ ಉದ್ದ 1.5 ಮೀಟರಿಗಿಂತ ಹೆಚ್ಚಾಗಬಾರದು, 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹೋಸನ್ನು ಗೋಡೆಯೊಳಗೆ ಹೂಳುವುದಾಗಲಿ, ತೂತಿನ ಮೂಲಕ ಇನ್ನೊಂದು ಕೋಣೆಗೆ ದಾಟಿಸುವುದಾಗಲಿ ಕೂಡದು, ಏಕೆಂದರೆ ಕಣ್ಣಿಗೆ ಕಾಣದ ಭಾಗದಲ್ಲಿ ಇಲಿ ಕಡಿದರೂ ಬಿರುಕು ಬಿಟ್ಟರೂ ತಿಳಿಯುವುದಿಲ್ಲ. ಗೋಡೆ ದಾಟಲೇಬೇಕಾದರೆ ತಾಮ್ರ ಅಥವಾ ಜಿಐ (ಸತು ಲೇಪಿತ ಕಬ್ಬಿಣದ) ಕೊಳವೆಯನ್ನು, ಇನ್ನೊಂದು ದೊಡ್ಡ ಕೊಳವೆಯ ಹೊದಿಕೆಯೊಳಗೆ ಹಾಯಿಸಿ, ನಡುವೆ ಜೋಡಣೆ ಬಾರದಂತೆ ಒಂದೇ ತುಂಡಿನಲ್ಲಿ ಒಯ್ಯಬೇಕು. ಗೀಸರಿನ ಹತ್ತಿರ ಕೈಗೆ ಎಟಕುವಂತೆ ಒಂದು ಗ್ಯಾಸ್ ವಾಲ್ವ್ ಇರಲಿ.

ಗೋಡೆಗೆ ಕೂರಿಸುವುದು

ಇದು ಸುಲಭದ ಭಾಗ. ಜ್ವಾಲೆ ಕಾಣುವ ಕಿಂಡಿ ಕಣ್ಣಿನ ಮಟ್ಟಕ್ಕೆ ಬರುವಂತೆ, ಅಂದರೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ ಕೂರಿಸಿದರೆ ದಿನವೂ ಜ್ವಾಲೆಯ ಬಣ್ಣ ನೋಡಲು ಅನುಕೂಲ, ಮಕ್ಕಳ ಕೈಗೂ ಎಟಕುವುದಿಲ್ಲ. ಹಗುರ ಬ್ಲಾಕಿನ ಗೋಡೆಯಾದರೆ ಮಾಮೂಲಿ ಪ್ಲಾಸ್ಟಿಕ್ ಗುಲ್ಲಿ ಹಿಡಿಯದು, ಆ ಬ್ಲಾಕಿಗೆಂದೇ ಇರುವ ಆ್ಯಂಕರ್ ಬೇಕು. ಗೀಸರ್ ನೆಟ್ಟಗೆ, ಓರೆಯಿಲ್ಲದೆ ನಿಲ್ಲಬೇಕು.

ಸೋರಿಕೆ ಪರೀಕ್ಷೆ ಮತ್ತು ಮೊದಲ ಜ್ವಾಲೆ

ಮೊದಲು ನೀರು. ತಣ್ಣೀರಿನ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಗುಳ್ಳೆ ನಿಂತು ನೀರು ಒಂದೇ ಸಮನೆ ಬರುವವರೆಗೆ ಹರಿಯಬಿಡಿ. ಹೊಸ ಪೈಪಿನ ಮರಳು, ಕಸ ಹೊರಗೆ ಹೋಗಲಿ. ಬಳಿಕ ಫಿಲ್ಟರ್ ಬಿಚ್ಚಿ ತೊಳೆದು ಮತ್ತೆ ಹಾಕಬೇಕು. ಈ ಹೊತ್ತಿನಲ್ಲಿ ಗ್ಯಾಸ್ ಮುಚ್ಚಿರಲಿ, ಬ್ಯಾಟರಿ ಹಾಕಿರಬಾರದು.

ಆಮೇಲೆ ಗ್ಯಾಸ್. ನಲ್ಲಿ ಮುಚ್ಚಿ, ರೆಗ್ಯುಲೇಟರ್ ಮತ್ತು ಗೀಸರಿನ ಪಕ್ಕದ ವಾಲ್ವ್ ತೆರೆದು, ಸೋಪಿನ ನೀರನ್ನು ಬ್ರಷ್‌ನಿಂದ ಪ್ರತಿಯೊಂದು ಜೋಡಣೆಗೂ ಹಚ್ಚಿಸಿ: ರೆಗ್ಯುಲೇಟರಿನ ಬಾಯಿ, ಹೋಸಿನ ಎರಡೂ ತುದಿ, ವಾಲ್ವಿನ ಎರಡೂ ಬದಿ, ಗೀಸರಿನೊಳಗೆ ಹೋಗುವ ನಟ್ಟು. ಮೆಕ್ಯಾನಿಕ್ ಒಂದು ಕಡೆ ಹಚ್ಚಿ ಕೂಡಲೇ ಮುಂದಕ್ಕೆ ಹೋದರೆ ತಡೆಯಿರಿ. ಸಣ್ಣ ಸೋರಿಕೆಯ ಗುಳ್ಳೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ಅರ್ಧ ನಿಮಿಷವಾದರೂ ಬೇಕಾಗಬಹುದು, ಮೊದಲಿಗೆ ಅದು ಸಾಸಿವೆ ಕಾಳಿನಷ್ಟೇ ಇರುತ್ತದೆ. ಟಾರ್ಚ್ ಹಿಡಿದು ನಟ್ಟಿನ ಹಿಂಬದಿಯನ್ನೂ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಅಭ್ಯಾಸವಿರುವವರಿಗೆ ಕೆಲಸವನ್ನೇ ಕೊಡಬೇಡಿ.

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಬ್ಯಾಟರಿ ಹಾಕಿ ಬಿಸಿನೀರಿನ ನಲ್ಲಿ ತಿರುಗಿಸಿ. ಕೊಳವೆಯಲ್ಲಿ ಗಾಳಿ ತುಂಬಿರುವುದರಿಂದ ಮೊದಲ ಒಂದೆರಡು ಸಲ ಹೊತ್ತಿಕೊಳ್ಳದಿರಬಹುದು. ಹತ್ತು ಸೆಕೆಂಡಿನಲ್ಲಿ ಹೊತ್ತದಿದ್ದರೆ ನಲ್ಲಿ ಮುಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಬಿಡದೆ ಕಿಡಿ ಹಾರಿಸುತ್ತಿದ್ದರೆ ಒಳಗೆ ಶೇಖರವಾದ ಅನಿಲ ಒಮ್ಮೆಲೇ 'ಡಬ್' ಎಂದು ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಹಾಗೆ ಸದ್ದು ಬಂದರೆ ಕಿಡಿಯ ಕಡ್ಡಿಯ ಜಾಗ ಸರಿಯಿಲ್ಲ ಅಥವಾ ಬರ್ನರಿನ ರಂಧ್ರ ಕಟ್ಟಿದೆ ಎಂದರ್ಥ.

ಜ್ವಾಲೆ ನೀಲಿಯಾಗಿ, ಬುಡದಲ್ಲಿ ಸ್ಪಷ್ಟವಾದ ಸಣ್ಣ ಶಂಕುಗಳಾಗಿ, ಅಲುಗಾಡದೆ ನಿಲ್ಲಬೇಕು. ತುದಿ ಹಳದಿಯಾಗಿದ್ದರೆ, ಜ್ವಾಲೆ ಬರ್ನರಿನಿಂದ ಮೇಲೆದ್ದು ಹಾರುತ್ತಿದ್ದರೆ, ಇಲ್ಲವೇ ಸೋಮಾರಿಯಾಗಿ ತೂಗಾಡುತ್ತಿದ್ದರೆ ಆ ದಿನ ಗೀಸರನ್ನು ಒಪ್ಪಿಕೊಳ್ಳಬೇಡಿ. ನಲ್ಲಿ ಮುಚ್ಚಿದ ಕೂಡಲೇ ಜ್ವಾಲೆ ಆರಬೇಕು. ಇದನ್ನು ಐದಾರು ಸಲ ಮಾಡಿ ನೋಡಿ. ನೀರಿನ ಹರಿವು ಅರ್ಧಕ್ಕೆ ಇಳಿದರೆ ಉಷ್ಣತೆಯ ಏರಿಕೆ ಇಮ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನಿಮಿಷಕ್ಕೆ 3 ಲೀಟರ್ ಹರಿದರೆ 20 ಡಿಗ್ರಿಯ ನೀರು 70 ಡಿಗ್ರಿಗೆ ಬರಬಹುದು, 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು. ಗ್ಯಾಸಿನ ಗುಂಡಿಯನ್ನು ಕಡಿಮೆಯಲ್ಲಿಟ್ಟು ಆರಂಭಿಸಿ, ನಲ್ಲಿಯಲ್ಲಿ 40ರಿಂದ 45 ಡಿಗ್ರಿ ಬರುವಂತೆ ಹೊಂದಿಸಿಕೊಳ್ಳಿ.

ಗಾಳಿಯ ಪರೀಕ್ಷೆ

ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಮಾಡದೆ ಬಿಡುವ ಈ ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಗೀಸರ್ ಹೊರಗಿದ್ದರೂ ಹೊಗೆ ಒಳಗೆ ಬರುವ ಒಂದು ದಾರಿಯಿದೆ. ಅಡುಗೆಮನೆಯ ವಿದ್ಯುತ್ ಚಿಮಣಿ ಗಂಟೆಗೆ 1000 ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಹೊರಗೆ ತಳ್ಳಬಲ್ಲದು. ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿಯ ಬಾಗಿಲು ತೆರೆದಿದ್ದರೆ ಅದು ಬರುವುದು ಅಲ್ಲಿಂದಲೇ, ಗೀಸರಿನ ಹೊಗೆಯನ್ನೂ ಜೊತೆಗೆ ಎಳೆದುಕೊಂಡು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಕೂಡ ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ.

ಚಳಿಗಾಲದ ಬೆಳಿಗ್ಗೆ ಮನೆ ಹೇಗಿರುತ್ತದೋ ಹಾಗೆಯೇ ಕಿಟಕಿಗಳನ್ನು ಮುಚ್ಚಿ, ಗೀಸರ್, ಚಿಮಣಿ, ಎಕ್ಸಾಸ್ಟ್ ಫ್ಯಾನ್ ಮೂರನ್ನೂ ಚಾಲೂ ಮಾಡಿ. ಗ್ಯಾಸ್ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು ಊದುಬತ್ತಿಯೊಂದನ್ನು ಹಚ್ಚಿ, ಯುಟಿಲಿಟಿಯ ಬಾಗಿಲಿನ ಒಳಬದಿ, ಗೀಸರಿಗೆ ಹತ್ತಿರದ ಕಿಟಕಿ, ಬಚ್ಚಲಿನ ವೆಂಟಿಲೇಟರ್ ಇವುಗಳ ಬಳಿ ಹಿಡಿದು ಹೊಗೆ ಯಾವ ಕಡೆ ಬಾಗುತ್ತದೆ ಎಂದು ನೋಡಿ. ಒಳಕ್ಕೆ ಬಾಗಿದರೆ ಆ ದಾರಿಯಿಂದ ಗಾಳಿ ಮನೆಯೊಳಗೆ ಬರುತ್ತಿದೆ. ಗೀಸರ್ ಉರಿಯುವಾಗ ಆ ಬಾಗಿಲು ಮುಚ್ಚಿಡುವ ಮತ್ತು ಮನೆಯ ಇನ್ನೊಂದು ಬದಿಯ ಕಿಟಕಿ ತೆರೆಯುವ ಏರ್ಪಾಡು ಮಾಡಿ, ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ಒಳಕ್ಕೇ ಎಳೆದರೆ ಗೀಸರಿನ ಜಾಗ ಬದಲಾಗಬೇಕು.

ಇದರ ಮೇಲೆ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿ. ಯುರೋಪಿನ ಇಎನ್ 50291 ಮಾನಕಕ್ಕೆ ಒಪ್ಪುವ ಅಲಾರಂ, ಗಾಳಿಯಲ್ಲಿ ಈ ಅನಿಲ 300 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 300 ಪಾಲು) ತಲುಪಿದರೆ 3 ನಿಮಿಷದೊಳಗೆ ಕೂಗಬೇಕು. ಬಚ್ಚಲಿನ ಆವಿಗೆ ಸೆನ್ಸರ್ ಕೆಡುವುದರಿಂದ ಬಚ್ಚಲಿನ ಬಾಗಿಲ ಹೊರಗೆ, ಮನೆಯವರು ಓಡಾಡುವ ಕಡೆ, ಮುಖದ ಮಟ್ಟದಲ್ಲಿ ಅದನ್ನು ಇಡಿ. ಅಡುಗೆಮನೆಯಲ್ಲಿ ನೆಲದ ಬಳಿ ಹಾಕುವ ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆಯೇ ಉಪಕರಣ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ದಿನಬಳಕೆ ಮತ್ತು ವಾರ್ಷಿಕ ತಪಾಸಣೆ

ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆರೆಯಬಹುದಾದ ಲಾಕ್ ಹಾಕಿಸುವುದು ಎಲ್ಲ ಮನೆಗಳಿಗೂ ಒಳ್ಳೆಯದು. ಈಗಾಗಲೇ ಬಚ್ಚಲೊಳಗೆ ಗೀಸರ್ ಇರುವವರು ಅದನ್ನು ಹೊರಗೆ ಸ್ಥಳಾಂತರಿಸುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್‌ಗಳಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿ ಬದಲಾಗಲು ಬಿಟ್ಟು, ಆಮೇಲೆ ಒಳಗೆ ಹೋಗಬೇಕು. ಶವರ್ ಅಡಿ ನಿಲ್ಲುವ ಮಾತೇ ಬೇಡ. ಸ್ನಾನ ಮುಗಿದ ಮೇಲೆ ರೆಗ್ಯುಲೇಟರ್ ಮುಚ್ಚುವ ಅಭ್ಯಾಸವಿರಲಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಚಳಿ ಆರಂಭವಾಗುವ ಮೊದಲು ಮೆಕ್ಯಾನಿಕ್‌ನಿಂದ ಹೊರಕವಚ ಬಿಚ್ಚಿಸಿ ನೋಡಿ. ಹೊರಗಿರುವ ಗೀಸರಿನ ಜೆಟ್ಟು, ಬರ್ನರುಗಳಲ್ಲಿ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮಾಡುತ್ತದೆ. ಗಾಳಿ ಸೇರುವ ರಂಧ್ರ ಅರ್ಧ ಮುಚ್ಚಿದರೂ ಜ್ವಾಲೆ ಹಳದಿಯಾಗುತ್ತದೆ. ಜ್ವಾಲೆಯ ಮೇಲೆ ನೀರು ಕಾಯಿಸುವ ಕೊಳವೆಯ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟಿದ್ದರೆ ಹೊಗೆ ಮೇಲೇರದೆ ದಹನ ಕೆಡುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಕೊಳವೆಯೊಳಗೆ ಸುಣ್ಣ ಕಟ್ಟಿ ನೀರಿನ ಹರಿವು ಕುಗ್ಗುತ್ತದೆ, ಅದನ್ನು ತೆಗೆಸಬೇಕು. ಹೋಸಿನ ಮೇಲೆ ಮುದ್ರಿಸಿರುವ ಅವಧಿಯನ್ನೂ ಅದೇ ದಿನ ನೋಡಿ.

ತುರ್ತು ಸಂದರ್ಭದಲ್ಲಿ

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ನಿಂತು ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಬಚ್ಚಲಿಗೆ ಹೋದವರು ಕೂಗಿದರೆ ಓಗೊಡುತ್ತಿಲ್ಲವೆಂದರೆ ಕಾಯಬೇಡಿ. ಗೀಸರಿನ ಗ್ಯಾಸ್ ಮುಚ್ಚಿ, ಬಾಗಿಲು ತೆರೆದು ಅಥವಾ ಒಡೆದು, ಅವರನ್ನು ಕೂಡಲೇ ಬಯಲಿನ ಗಾಳಿಗೆ ಎಳೆದು ತನ್ನಿ. ಒಳಗೆ ನಿಂತು ಉಪಚರಿಸಲು ಹೋದರೆ ನೀವೂ ಬೀಳುತ್ತೀರಿ. ಉಸಿರಾಟ ನಿಂತಿದ್ದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಆರಂಭಿಸಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98, 99 ಎಂದು ತೋರಿಸಬಹುದು. ನಿಜಸ್ಥಿತಿ ತಿಳಿಯಲು ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಬೇಕು. ಬಚ್ಚಲಿನಲ್ಲಿ ಸೆಳೆತ ಬಂದು ಬಿದ್ದವರನ್ನು ಮೂರ್ಛೆರೋಗಿಗಳೆಂದು ತಿಳಿದು ಔಷಧ ಆರಂಭಿಸಿದ, ಕಾರಣ ಗೀಸರ್ ಎಂದು ಆಮೇಲೆ ತಿಳಿದುಬಂದ ಪ್ರಕರಣಗಳು ಭಾರತದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಆದ್ದರಿಂದ ಎಚ್ಚರವಾಯಿತು, ಎದ್ದು ಕುಳಿತರು ಎಂದು ಮನೆಯಲ್ಲೇ ಮಲಗಿಸಬಾರದು. ಆ ಗೀಸರನ್ನು ಮೆಕ್ಯಾನಿಕ್ ಬಂದು ಜಾಗ, ಜ್ವಾಲೆ, ಗಾಳಿ ಮೂರನ್ನೂ ಪರಿಶೀಲಿಸುವವರೆಗೆ ಮತ್ತೆ ಹೊತ್ತಿಸಬೇಡಿ.